ಎರಡು ಚುಕ್ಕಿಯ ಬೆಸುಗೆ

ತಿಂಗನ್‌ಜುನ್, ಯಾಂಗೊನ್
೨೨ ಸೆಪ್ಟೆಂಬರ್ ೨೦೧೧

ಕೊ ಥೌಂಗ್ ಪೆ ಅವರಿಗೆ,

ಒಂಬತ್ತು ವರ್ಷಗಳಲ್ಲಿ ನಾನು ನಿಮಗೆ ಕಳಿಸಿದ್ದು ಕಾರಿನ ಲೈಸೆನ್ಸ್ ನವೀಕರಣದ ಅರ್ಜಿ ಮಾತ್ರ. ನೀವು ವಾಪಸು ಕಳಿಸಿದ್ದು ಅದರ ಮೇಲೊಂದು ಸಹಿ ಮಾತ್ರ. ಈ ಸಲ ಕಾಗದ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಬೀದಿಯಲ್ಲಿ ಕಾಸು ಕೊಟ್ಟು ಮಾತಾಡುವ ಫೋನಿನ ಮೇಜಿನ ಸುತ್ತ ಹತ್ತು ಜನ ಕಿವಿ ನೆಟ್ಟು ಕೂತಿರುತ್ತಾರೆ. ಅವರ ಎದುರು ಹೇಳುವ ಮಾತಲ್ಲ ಇದು. ‘ನೀವು’ ಎಂದು ಬರೆಯುತ್ತಿರುವುದು ಗೌರವಕ್ಕಲ್ಲ, ದೂರವಿರಲಿ ಎಂದು.

ನೀವು ನನಗೆ ಮಾರಿದ ಬ್ಲೂಬರ್ಡ್ ಕಾರಿನ ಎಂಜಿನ್ ಕಳೆದ ಗುರುವಾರ ಸತ್ತಿತು. ಮಾರುಕಟ್ಟೆಗೆ ಹೋಗುವ ಹೆಂಗಸೊಬ್ಬಳು ಎರಡು ಡಬ್ಬ ಮೀನಿನ ಗೊಜ್ಜು ಇಟ್ಟುಕೊಂಡು ಹಿಂದೆ ಕೂತಿದ್ದಳು. ಸೇತುವೆ ಏರುವಾಗ ಒಳಗೆ ಯಾರೋ ಸುತ್ತಿಗೆಯಿಂದ ಹೊಡೆದ ಹಾಗೆ ಸದ್ದಾಯಿತು, ಹೊಗೆ ಬಂತು, ನಿಂತಿತು. ಆಕೆ ಮೂಗು ಮುಚ್ಚಿಕೊಂಡು ಇಳಿದವಳು, “ಏನಪ್ಪಾ, ನನ್ನ ಗೊಜ್ಜೇ ನಾರತ್ತೆ ಅಂತ ಎಲ್ರೂ ಅಂತಿದ್ರು. ನಿನ್ನ ಕಾರು ಅದನ್ನೂ ಮೀರಿಸ್ತಲ್ಲ” ಎಂದು ಬಾಡಿಗೆ ಕೊಡದೆ ಹೋದಳು.

ನಮ್ಮಣ್ಣ ಓನ್ ಗೈಂಗ್ ಆಗ ಮಗಳ ಮನೆಗೆಂದು ಪ್ಯೇಗೆ ಹೋಗಿದ್ದ. ಅದಕ್ಕೇ ಬೇರೆ ಮೆಕ್ಯಾನಿಕ್ಕನಿಂದ ಬಿಚ್ಚಿಸಿದೆ. ಆಯಿಲ್ ತೆಗೆದಾಗ ಬಂದದ್ದು ಮೂರು ದಿನ ಇಟ್ಟ ಹಾಲಿನ ಚಹಾದಂಥ ಬಿಳಿ ಕೆಸರು. ಹೊಗೆಕೊಳವೆ ಕಳಚಿ, ಹಿಂದಿನ ಕಪ್ಪು ಬಣ್ಣವನ್ನು ಕೆರೆದರೆ ಮೂರನೇ ಸಿಲಿಂಡರಿನ ಪಕ್ಕ ಒಂದು ಗೇಣುದ್ದದ ಬಿರುಕು. ಬಿರುಕಿನ ತುಂಬ ಹಿತ್ತಾಳೆಯ ಬೆಸುಗೆ. ಬೆಸುಗೆ ಹಳೆಯದು. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಬೇಕೆಂದೇ ಸವರಿದ ಗ್ರೀಸು ಮತ್ತು ಮಸಿ. ಮೆಕ್ಯಾನಿಕ್ ನಕ್ಕ: “ಇದನ್ನ ಮಾಡಿದೋನು ಕೆಲಸಗಾರ ಕಣಣ್ಣ. ಮಾರಿದೋನು ಮಾತ್ರ ಹೊಲಸು.”

ಕಾರು ಕೊಂಡ ದಿನ ನೀವು, ಅಣ್ಣ, ನಾನು ಮೂವರೂ ಚಿನ್ನದ ಆಲದಮರದ ಗುಡಿಗೆ ಹೋಗಿದ್ದೆವು. ಎಲ್ಲರೂ ಮಾಡಿಸುವಂತೆ ಕಾರನ್ನು ಮೂರು ಸಲ ಮುಂದೆ ಹಿಂದೆ ಮಾಡಿ ದೇವತೆಗೆ ನಮಸ್ಕಾರ ಮಾಡಿಸಿದೆವು. ಸ್ಟೇರಿಂಗ್ ಹಿಡಿದಿದ್ದವರು ನೀವು. ಒಡೆದ ಎಂಜಿನ್ನನ್ನು ದೇವತೆಯ ಮುಂದೆ ಬಗ್ಗಿಸಿದ ಆ ಕೈಯನ್ನು ನೆನೆದರೆ ನನಗೆ ಓಕರಿಕೆ ಬರುತ್ತದೆ.

ಅಣ್ಣ ವಾಪಸು ಬಂದ ಮೇಲೆ ತೋರಿಸಿದೆ. ಆವತ್ತು ನನ್ನ ಪರವಾಗಿ ಕಾರನ್ನು ಪರೀಕ್ಷೆ ಮಾಡಿದವನು ಅವನೇ. ಈಗ ಕಣ್ಣಿಗೆ ಪೊರೆ ಬಂದು ಗ್ಯಾರೇಜು ಮುಚ್ಚಿ ನಮ್ಮ ಮನೆಯಲ್ಲೇ ಇದ್ದಾನೆ. ಬೆರಳಲ್ಲಿ ಸವರಿ ನೋಡಿ ಉಗಿದ. “ಬಣ್ಣದ ಕೆಳಗಿಟ್ಟಿದ್ದು ದೇವತೆಗಳಿಗೂ ಕಾಣಲ್ಲ ಕಣೋ. ಗೆಳೆಯ ಅಂತ ನಂಬಿದ್ವಿ. ಆ ಮನುಷ್ಯನ ಸುದ್ದಿ ಬಿಡು. ಬಾಗೋದಲ್ಲೊಂದು ಎಂಜಿನ್ ಇದೆ, ತರಿಸಿ ಕೂರಿಸ್ಕೊ” ಎಂದ.

ಹಾಗೇ ಮಾಡುತ್ತೇನೆ. ಉತ್ತರ ಬರೆಯಬೇಡಿ.

ಸಾನ್ ಲ್ವಿನ್


ತಿಂಗನ್‌ಜುನ್
೫ ಅಕ್ಟೋಬರ್ ೨೦೧೧

ಕೊ ಥೌಂಗ್ ಪೆ ಅವರಿಗೆ,

ಉತ್ತರ ಬರೆಯಬೇಡಿ ಎಂದಿದ್ದೆ, ನೀವು ಬರೆಯಲಿಲ್ಲ. ಈಗ ನಾನೇ ಮತ್ತೆ ಬರೆಯಬೇಕಾಗಿದೆ. ಉಗುಳಿದ್ದನ್ನು ನೆಕ್ಕುವುದು ಎಂದರೆ ಇದೇ.

ನಲವತ್ತು ವರ್ಷ ದಾಟಿದ ಕಾರುಗಳನ್ನು ಸರ್ಕಾರ ಗುಜರಿಗೆ ತೆಗೆದುಕೊಂಡು, ಬದಲಿಗೆ ಹೊರಗಿನಿಂದ ಕಾರು ತರಿಸಲು ಪರವಾನಗಿ ಚೀಟಿ ಕೊಡುತ್ತಿರುವುದು ನಿಮ್ಮ ಮುಡೋನಿಗೂ ತಿಳಿದಿರಬೇಕು. ನಮ್ಮದು ೬೮ರ ಗಾಡಿ. ಎಂಜಿನ್ ಓಡಬೇಕಿಲ್ಲ, ಎಳೆದುಕೊಂಡು ಹೋದರೂ ಆಯಿತು. ಆದರೆ ಎಂಜಿನ್ ನಂಬರು ಮಾಲೀಕನ ನೋಂದಣಿ ಪುಸ್ತಕಕ್ಕೆ ಹೊಂದಬೇಕು. ಬಾಗೋದ ಎಂಜಿನ್ ಕೂರಿಸಿದರೆ ಕಾರು ಓಡುತ್ತದೆ, ಚೀಟಿ ಹೋಗುತ್ತದೆ. ಕೂರಿಸದೆ ಬಿಟ್ಟರೆ ಚೀಟಿ ಸಿಗುತ್ತದೆ, ಅಲ್ಲಿಯವರೆಗೆ ನಾನು ಕೈಕಟ್ಟಿ ಕೂರಬೇಕು. ಓಡುವ ಸ್ಥಿತಿಯಲ್ಲಿ ಮಾರೋಣವೆಂದರೆ ಹಳೆಯ ಕಾರಿನ ಬೆಲೆ ವಾರವಾರವೂ ಕುಸಿಯುತ್ತಿದೆ. ಮೊನ್ನೆಯವರೆಗೆ ಮನೆಯ ಬೆಲೆಯಿದ್ದ ಗಾಡಿಗೆ ಈಗ ಅಡುಗೆಮನೆಯ ಬೆಲೆಯೂ ಇಲ್ಲ. ರಿಪೇರಿಗೆ ಸುರಿದದ್ದು ಮತ್ತೆ ಹುಟ್ಟುವುದಿಲ್ಲ.

ಚೀಟಿಯೊಂದಿದ್ದರೆ ಹದಿನೈದು ವರ್ಷ ಹಳೆಯದಾದರೂ ಗಟ್ಟಿಯಾದ ಕಾರು ತರಿಸಿ ಇನ್ನಷ್ಟು ವರ್ಷ ಟ್ಯಾಕ್ಸಿ ಓಡಿಸಬಹುದು. ಇಲ್ಲದಿದ್ದರೆ ಐವತ್ತಾರನೇ ವಯಸ್ಸಿನಲ್ಲಿ ಸೈಕಲ್ ರಿಕ್ಷಾ ತುಳಿಯಬೇಕು.

ತೊಡಕು ಒಂದೇ. ಪುಸ್ತಕದಲ್ಲಿ ಇರುವ ಹೆಸರು ನಿಮ್ಮದು. ತೆರಿಗೆಗೆ ಹೆದರಿ ಈ ಊರಲ್ಲಿ ಯಾರು ತಾನೇ ಹೆಸರು ಬದಲಿಸುತ್ತಾರೆ, ನಾನೂ ಬದಲಿಸಲಿಲ್ಲ. ಈಗ ಪುಸ್ತಕದ ಹೆಸರಿನವರೇ ಗುರುತಿನ ಚೀಟಿ ಹಿಡಿದು ಗುಜರಿಯ ಅಂಗಳಕ್ಕೆ ಬರಬೇಕು, ಅವರೇ ಸಹಿ ಮಾಡಬೇಕು. ನಮ್ಮ ಸರದಿ ನವೆಂಬರ್ ೧೪.

ಅಣ್ಣನಿಗೆ ಇದು ಸುತರಾಂ ಇಷ್ಟವಿಲ್ಲ. “ಅವನನ್ನ ಕರೆಸಿದ್ಯೋ, ಚೀಟಿ ನಂದೇ ಅಂತ ಜೇಬಿಗಿಟ್ಕೊಂಡು ಹೋಗ್ತಾನೆ. ಮೋಸ ಮಾಡಿದ ಕೈ ಕಣೋ ಅದು. ಎಂಜಿನ್ ಹಾಕ್ಸು, ಮರ್ಯಾದೆ ಉಳಿಸ್ಕೊ” ಅನ್ನುತ್ತಾನೆ. ನನ್ನ ಹೆಂಡತಿ ತಿನ್ ಸ್ವೇ, “ಮರ್ಯಾದೆ ಬೇಯಿಸಿ ತಿನ್ನಕ್ಕಾಗತ್ತಾ ಭಾವಾ? ಮೊದ್ಲು ಬರೆದು ಕೇಳಲಿ” ಎಂದಳು. ಕೇಳಿದ್ದೇನೆ. ನಿಮ್ಮಂಥವರ ಹತ್ತಿರ ಕೇಳಬೇಕಾಯಿತಲ್ಲ ಎಂದು ಹೇಸಿಕೊಂಡೇ ಕೇಳಿದ್ದೇನೆ.

ಸಾನ್ ಲ್ವಿನ್


ಮುಡೋನ್
೧೦ ಅಕ್ಟೋಬರ್ ೨೦೧೧

ಸಾನ್ ಲ್ವಿನ್,

ನಾನು ‘ನೀನು’ ಎಂದೇ ಬರೆಯುತ್ತೇನೆ. ಬೇರೆ ಬರುವುದಿಲ್ಲ.

ಮೊದಲ ಕಾಗದ ಓದಿದ ದಿನ ರಬ್ಬರ್ ಹಾಳೆಗಳನ್ನು ಹೊಗೆಗೆ ಹಾಕುತ್ತಿದ್ದೆ. ಈ ಕೆಲಸದ ನಾತ ನಿನಗೆ ಗೊತ್ತಿಲ್ಲ. ಹುಳಿತ ಹಾಲಿನದು, ಚರ್ಮಕ್ಕೆ ಅಂಟುತ್ತದೆ. ಆವತ್ತು ನಿನ್ನ ಕಾಗದ ಅದಕ್ಕಿಂತ ಹೆಚ್ಚು ನಾರಿತು. ಅದಕ್ಕೇ ಉತ್ತರಿಸಲಿಲ್ಲ. ಎರಡನೆಯದು ಬಂದ ಮೇಲೆ ತಿಳಿಯಿತು, ನಿನಗೆ ನಿಜವಾಗಿಯೂ ಏನೂ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

೨೦೦೨ರ ಬೇಸಿಗೆಯಲ್ಲಿ ಎಂಜಿನ್ ಬಿರುಕು ಬಿಟ್ಟಿತು. ಬೆಸುಗೆ ಹಾಕಿಸಿದ್ದು ನಾನೇ. ಹಾಕಿದವನು ನಿನ್ನ ಅಣ್ಣ, ಅವನ ಗ್ಯಾರೇಜಿನಲ್ಲೇ. ಆಗ ನೀನು ಬಾಡಿಗೆ ಗಾಡಿಯಲ್ಲಿ ಮಂಡಲೆಗೆ ಹೋಗಿದ್ದೆ. ನೀನು ಕಾರು ಕೊಳ್ಳುತ್ತೇನೆಂದಾಗ ನಾನು ಅವನಿಗೆ ಹೇಳಿದೆ: ಬಿರುಕಿನ ವಿಷಯ ತಮ್ಮನಿಗೆ ತಿಳಿಸು, ನಾಲ್ಕು ಲಕ್ಷ ಕಡಿಮೆ ಕೊಡಲಿ. ಅವನು ನನಗೆ ತಂದುಕೊಟ್ಟದ್ದು ಹದಿನಾಲ್ಕು ಲಕ್ಷ. ನೀನು ಅವನ ಕೈಗೆ ಕೊಟ್ಟದ್ದು ಎಷ್ಟು?

ಬೆಲೆಯ ಮಾತನ್ನು ನಾವಿಬ್ಬರೇ ಕೂತು ಆಡಬೇಕಿತ್ತು. ಗೆಳೆಯನ ಮುಖ ನೋಡಿಕೊಂಡು ಬೆಲೆ ಕೇಳುವುದು ಹೇಗೆ ಎಂದು ನಿನಗೆ ದಾಕ್ಷಿಣ್ಯ, ಹೇಳುವುದು ಹೇಗೆ ಎಂದು ನನಗೆ ದಾಕ್ಷಿಣ್ಯ. ಅದಕ್ಕೇ ಅವನನ್ನು ನಡುವೆ ಇಟ್ಟೆವು. ದಾಕ್ಷಿಣ್ಯಕ್ಕೆ ಬಸಿರಾದವರಿಗೆ ಹೆರಲು ಜಾಗ ಸಿಗುವುದಿಲ್ಲ.

ಕೆಲವು ತಿಂಗಳಾದ ಮೇಲೆ ಅವನೇ ಬಂದು, “ತಮ್ಮ ನಿನ್ನ ಮೇಲೆ ಕುದೀತಿದಾನೆ. ಕಡಿಮೆ ಬೆಲೆಗೆ ಕೊಟ್ಟು ಭಿಕ್ಷೆ ಹಾಕಿದ ಅಂತಾನೆ. ಸ್ವಲ್ಪ ದಿನ ಈ ಕಡೆ ತಲೆ ಹಾಕ್ಬೇಡ” ಎಂದ. ನಾನು ಹಾಕಲಿಲ್ಲ. ನಿನಗೆ ಏನು ಹೇಳಿದನೋ ತಿಳಿಯದು.

ನನ್ನ ಮಾತು ನಂಬಬೇಡ. ಬೆಸುಗೆಯನ್ನು ಸೀಮೆಎಣ್ಣೆಯಿಂದ ತೊಳೆದು ಅದರ ಕೆಳತುದಿ ನೋಡು. ಕೆಲಸ ಮುಗಿದ ಮೇಲೆ ನಿನ್ನ ಅಣ್ಣ ಮೊಳೆಯಿಂದ ಎರಡು ಚುಕ್ಕಿ ಒತ್ತುತ್ತಿದ್ದ. ನಿಮ್ಮ ಮನೆಯ ಕಬ್ಬಿಣದ ಬಾಣಲೆಯ ಹಿಡಿಕೆಗೂ ಅವನೇ ಬೆಸುಗೆ ಹಾಕಿದ್ದು. ಅದನ್ನೂ ನೋಡು.

ಥೌಂಗ್ ಪೆ


ತಿಂಗನ್‌ಜುನ್
೧೯ ಅಕ್ಟೋಬರ್ ೨೦೧೧

ಥೌಂಗ್ ಪೆ,

ನಾನು ಕೊಟ್ಟದ್ದು ಹದಿನೆಂಟು.

ದೀಪದ ಹುಣ್ಣಿಮೆಯ ದಿನ ನಾನೂ ತಿನ್ ಸ್ವೇಯೂ ಹಣ್ಣು, ಹೊಸ ಲುಂಗಿ ಇಟ್ಟು ಅಣ್ಣನ ಮುಂದೆ ಮಂಡಿಯೂರಿ, ವರ್ಷವಿಡೀ ಮಾಡಿದ ತಪ್ಪನ್ನೆಲ್ಲ ಕ್ಷಮಿಸು ಎಂದು ಹಣೆ ನೆಲಕ್ಕೆ ಮುಟ್ಟಿಸಿದೆವು. ಅಪ್ಪ ಅಮ್ಮ ಹೋದ ಮೇಲೆ ಪ್ರತಿ ವರ್ಷವೂ ಅವನಿಗೇ. ಅವನು ಕಣ್ಣು ಮುಚ್ಚಿ ಹರಸಿದ: “ಮೋಸದ ಜನರಿಂದ ನಿಮಗೆ ರಕ್ಷಣೆ ಸಿಗಲಿ.” ನಿನ್ನ ಕಾಗದ ಮಾರನೆಯ ದಿನದ ಬಸ್ಸಿನಲ್ಲಿ ಬಂತು.

ಓದಿದವನು ಮೊದಲು ನಿನಗೇ ಬೈದೆ. ಆಮೇಲೆ ಅಡುಗೆಮನೆಗೆ ಹೋಗಿ ಬಾಣಲೆ ತಿರುಗಿಸಿದೆ. ಹಿಡಿಕೆಯ ಬುಡದಲ್ಲಿ ಎರಡು ಚುಕ್ಕಿ ಇವೆ. ಇಪ್ಪತ್ತು ವರ್ಷ ಅದರಲ್ಲಿ ಹುರಿದದ್ದನ್ನು ತಿಂದಿದ್ದೇನೆ, ಒಂದು ದಿನವೂ ನೋಡಿರಲಿಲ್ಲ. ನಂತರ ಸೀಮೆಎಣ್ಣೆ ತೆಗೆದುಕೊಂಡು ಕಾರು ನಿಂತಿದ್ದ ಮೆಕ್ಯಾನಿಕ್ಕನ ಗ್ಯಾರೇಜಿಗೆ ಹೋದೆ. ಹಲ್ಲುಜ್ಜುವ ಹಳೆಯ ಬ್ರಷ್ಷಿನಲ್ಲಿ ತಿಕ್ಕಿದೆ. ಕೆಳತುದಿಯಲ್ಲಿ ಎರಡು ಚುಕ್ಕಿ. ಅದೇ ಅಂತರ.

ಅವನು ನನಗೆ ಹೇಳಿದ್ದು ಏನು ಗೊತ್ತೆ? ನೀನು ಚಹಾದಂಗಡಿಯಲ್ಲಿ ಕೂತು, ಸಾನ್ ಲ್ವಿನ್‌ನ ತಲೆಗೆ ಹಳೇ ಕಬ್ಬಿಣ ಕಟ್ಟಿದೆ ಎಂದು ನಗುತ್ತಿದ್ದೆಯಂತೆ. ನಾನು ನಂಬಿದೆ. ವಿಚಾರಿಸಲು ಒಂದು ಬಸ್ಸು ಹತ್ತಿದ್ದರೆ ಸಾಕಿತ್ತು.

ಮನೆಗೆ ಬಂದಾಗ ಅವನು ಜಗಲಿಯಲ್ಲಿ ಚುಟ್ಟಾ ಸೇದುತ್ತಿದ್ದ. ನಾನು ಏನೂ ತೋರಿಸಿಕೊಳ್ಳಲಿಲ್ಲ.

“ಬಾಗೋದವನಿಗೆ ಮುಂಗಡ ಕಳಿಸಿದ್ಯಾ?” ಎಂದ.

“ಇಲ್ಲ. ಥೌಂಗ್ ಪೆ ಬರ್ತಾನೇನೋ ನೋಡೋಣ.”

“ಬರಲ್ಲ ಅವನು. ಬಂದ್ರೂ ಪೀಡೆ. ನಂಬರ್ ಬಗ್ಗೆ ಯಾಕೆ ತಲೆ ಕೆಡಿಸ್ಕೋತೀಯ? ಹೊಸ ಎಂಜಿನ್ ಮೇಲೆ ಹಳೇ ನಂಬರ್ ಕೊರೆಸಿದ್ರಾಯ್ತು. ಹೆಸರಿನವ್ರು ಸತ್ತೋದ್ರು ಅಂತ ಒಂದು ಕಾಗದ ಮಾಡ್ಸಿದ್ರೆ, ಅಲ್ಲೀವರ್ಗೂ ಕಾರೂ ಓಡತ್ತೆ, ಚೀಟಿನೂ ಬರತ್ತೆ.”

“ಬದುಕಿರೋನನ್ನ ಸಾಯಿಸೋದಾ?”

“ನಿನ್ನ ಪಾಲಿಗೆ ಅವನು ಯಾವತ್ತೋ ಸತ್ತಿದಾನಲ್ಲ” ಎಂದು ಹೊಗೆ ಬಿಟ್ಟ.

ನನಗೆ ಅವನ ಮೇಲೆ ಕೋಪ ಬರಬೇಕಿತ್ತು. ಬರಲಿಲ್ಲ. ಬಚ್ಚಲಿಗೆ ಹೋಗಿ ಹಣೆ ತೊಳೆದೆ, ಅವನ ಮುಂದೆ ನೆಲಕ್ಕೆ ಮುಟ್ಟಿಸಿದ ಜಾಗ. ಮೂರು ಸಲ ಸೋಪು ಹಾಕಿದೆ.

ನಿನಗೆ ಬರೆದ ಎರಡು ಕಾಗದಗಳನ್ನು ಸುಟ್ಟುಬಿಡು. ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಆ ಮಾತನ್ನು ಮೊನ್ನೆಯಷ್ಟೇ ಇನ್ನೊಬ್ಬನಿಗೆ ಹೇಳಿ ಕೆಡಿಸಿದ್ದೇನೆ. ಎಂಜಿನ್ ಹಾಕಿಸುವುದಿಲ್ಲ. ಕಾರು ಹೋಗಲಿ. ೧೪ಕ್ಕೆ ಬರುತ್ತೀಯಾ?

ಸಾನ್ ಲ್ವಿನ್


ಯಾಂಗೊನ್
೨೪ ಅಕ್ಟೋಬರ್ ೨೦೧೧

ಪ್ರೀತಿಯ ತಮ್ಮ ಥೌಂಗ್ ಪೆಗೆ ಹಿರಿಯನಾದ ಓನ್ ಗೈಂಗ್ ಮಾಡುವ ಆಶೀರ್ವಾದ.

ಕಣ್ಣು ಮಂಜಾದ್ದರಿಂದ ಕೋರ್ಟಿನ ಎದುರಿನ ಟೈಪಿನವನಿಂದ ಈ ಪತ್ರ ಹೊಡೆಸಿದ್ದೇನೆ. ನಾವು ಇಲ್ಲಿ ಕ್ಷೇಮ. ತ್ರಿರತ್ನಗಳ ದಯೆಯಿಂದ ನೀವೂ ಕ್ಷೇಮವೆಂದು ನಂಬಿದ್ದೇನೆ.

ಸಂತೋಷದ ಸುದ್ದಿಯೇನೆಂದರೆ ಕಾರು ರಿಪೇರಿಯಾಗಿದೆ. ಬಾಗೋದಿಂದ ತಂದ ಎಂಜಿನ್ ಗಡಿಯಾರದ ಹಾಗೆ ಓಡುತ್ತಿದೆ. ಆದ್ದರಿಂದ ೧೪ಕ್ಕೆ ನೀವು ಬರುವ ಅಗತ್ಯವಿಲ್ಲ. ನನ್ನ ತಮ್ಮ ಮುಂಗೋಪಿ. ನಿಮ್ಮನ್ನು ಕಂಡರೆ ಪೊಲೀಸರವರೆಗೆ ಹೋದಾನೆಂಬ ಭಯ ನನಗೆ. ಹಳೆಯದನ್ನು ಕೆದಕಿದರೆ ಯಾರಿಗೆ ಲಾಭ? ಅವನಿಗೆ ತಿಳಿಯದಿರುವುದು ತಿಳಿಯದೆಯೇ ಇದ್ದರೆ ನಮ್ಮ ಮೂವರ ವಯಸ್ಸಿಗೂ ಗೌರವ. ಈ ಪತ್ರದ ಸಂಗತಿ ನಮ್ಮಿಬ್ಬರಲ್ಲೇ ಇರಲಿ.

ಜೊತೆಗೆ ಒಂದು ಪೊಟ್ಟಣ ಉಪ್ಪು ಹಾಕಿದ ಚಹಾ ಎಲೆ ಕಳಿಸಿದ್ದೇನೆ. ಒಳ್ಳೆಯ ಎಣ್ಣೆಯಲ್ಲಿ ಕಲಸಿದ್ದು. ತಿಂದು ಮನಸ್ಸು ತಣ್ಣಗೆ ಮಾಡಿಕೊಳ್ಳಿ.

ನಿಮ್ಮ ಹಿತೈಷಿ,
ಓನ್ ಗೈಂಗ್


ಮುಡೋನ್
೨ ನವೆಂಬರ್ ೨೦೧೧

ಸಾನ್ ಲ್ವಿನ್,

ಇದರ ಜೊತೆಗಿರುವ ಟೈಪ್ ಮಾಡಿದ ಕಾಗದ ಓದು. ಒಂದು ದಿನ ನಾನು ಅದನ್ನು ನಂಬಿದೆ. ನೀನು ಮನಸ್ಸು ಬದಲಿಸಿ ಎಂಜಿನ್ ಹಾಕಿಸಿಕೊಂಡೆ ಅಂದುಕೊಂಡೆ. ಒಂಬತ್ತು ವರ್ಷದ ಅಭ್ಯಾಸ ನೋಡು, ಅವನು ಹೇಳಿದ್ದನ್ನು ನಂಬುವುದು. ಮೊನ್ನೆ ಮೊ-ಲಮ್ಯಾಯಿನ್‌ಗೆ ಹೋಗಿದ್ದಾಗ ಬಾಗೋ ಬಸ್ಸಿನ ಡ್ರೈವರನನ್ನು ವಿಚಾರಿಸಿದೆ. ಆ ಎಂಜಿನ್ ಇನ್ನೂ ಅಂಗಡಿಯ ಮುಂದೆಯೇ ಬಿದ್ದಿದೆ, ಅದರ ಮೇಲೆ ಬೆಕ್ಕು ಮಲಗುತ್ತದೆ ಎಂದ.

ಚಹಾ ಎಲೆ ತಿಂದರೆ ವ್ಯಾಜ್ಯ ತೀರಿತು ಎಂದು ಅರ್ಥ. ಹಿಂದಿನ ಕಾಲದವನು, ಅದನ್ನು ಮರೆತಿಲ್ಲ. ನಾನು ಬಾಯಿಗೆ ಹಾಕಲಿಲ್ಲ. ಕೋಳಿಗಳಿಗೆ ಚೆಲ್ಲಿದೆ. ಅವೂ ಕೆದಕಿ ನೋಡಿ ಬಿಟ್ಟು ಹೋದವು.

ಇನ್ನೊಂದನ್ನು ಮುಚ್ಚಿಟ್ಟರೆ ನಾನೂ ಅವನ ಜಾತಿಯವನೇ ಆಗುತ್ತೇನೆ. ಚೀಟಿಯ ಸುದ್ದಿ ತಿಳಿದ ಮೇಲೆ ನನ್ನ ಭಾವಮೈದುನರು ದಿನವೂ ಬರುತ್ತಿದ್ದಾರೆ. ಹಿಂದೆ ನನ್ನ ರಬ್ಬರಿನ ವಾಸನೆಗೆ ಜಗಲಿ ಹತ್ತದವರು ಈಗ ಒಳಗೆ ಬಂದು ಕೂತು, “ಭಾವಾ, ಪುಸ್ತಕದಲ್ಲಿ ಹೆಸರು ಯಾರ್ದು? ನಿಮ್ದು. ಕಾನೂನು ಯಾರ ಕಡೆ? ನಿಮ್ಮ ಕಡೆ. ಅರ್ಧನಾದ್ರೂ ಕೇಳಿ. ಅವನು ನಿಮ್ಗೆ ಬರೆದ ಬೈಗುಳಕ್ಕಾದ್ರೂ ದಂಡ ಬೇಡ್ವಾ?” ಅನ್ನುತ್ತಾರೆ. ಎದ್ದು ಹೋಗಿ ಎಂದು ನಾನು ತಕ್ಷಣ ಹೇಳಲಿಲ್ಲ. ಎರಡು ದಿನ ಹೇಳಲಿಲ್ಲ. ಆ ಎರಡು ದಿನ ನನ್ನ ಮೈಯ ನಾತ ನನಗೇ ಬಂತು, ಅದು ರಬ್ಬರಿನದಲ್ಲ.

೧೩ರ ಸಂಜೆಯ ಬಸ್ಸಿಗೆ ಬರುತ್ತೇನೆ. ಬಸ್ ನಿಲ್ದಾಣದ ಛತ್ರದಲ್ಲಿ ಮಲಗುತ್ತೇನೆ. ಅವನಿರುವ ಮನೆಗೆ ಕರೆಯಬೇಡ. ಚೀಟಿ ಸಿಕ್ಕ ಕೂಡಲೇ ನಿನ್ನ ಹೆಸರಿಗೆ ಬರೆದುಕೊಡುತ್ತೇನೆ. ಬಸ್ಸಿನ ಖರ್ಚು ಮಾತ್ರ ಕೊಡು. ಅದನ್ನು ದಾಕ್ಷಿಣ್ಯವಿಲ್ಲದೆ ಕೇಳುತ್ತಿದ್ದೇನೆ. ಹೋಗಿ ಬರಲು ಹದಿನೆಂಟು ಸಾವಿರ.

ಥೌಂಗ್ ಪೆ


ತಿಂಗನ್‌ಜುನ್
೪ ಡಿಸೆಂಬರ್ ೨೦೧೧

ಅಣ್ಣ ಥೌಂಗ್ ಪೆಗೆ,

ಚೀಟಿ ಕಾರು ತರಿಸಿಕೊಡುವ ವರ್ತಕನ ಕೈಗೆ ಹೋಯಿತು. ೯೬ರ ಬಿಳಿ ಕಾರು ಹಡಗಿನಲ್ಲಿದೆ, ಜನವರಿಯಲ್ಲಿ ಬರುತ್ತದೆ. ತೆರಿಗೆ ಎಷ್ಟಾದರೂ ಆಗಲಿ, ಈ ಸಲ ಪುಸ್ತಕದಲ್ಲಿ ನನ್ನ ಹೆಸರೇ ಇರುತ್ತದೆ. ಯಾರನ್ನೂ ನಡುವೆ ಇಡಲಿಲ್ಲ. ವರ್ತಕನ ಮುಖ ನೋಡಿಕೊಂಡೇ ಬೆಲೆ ಕೇಳಿದೆ. ನಾಲಿಗೆ ಬಿದ್ದು ಹೋಗಲಿಲ್ಲ.

ಆ ಅಂಗಳ ಇನ್ನೂ ಕಣ್ಣಿಗೆ ಕಟ್ಟುತ್ತದೆ. ಒಳ್ಳೆಯ ಚಕ್ರ ಕಳಚಿ ಸವೆದ ಚಕ್ರ ತೊಡಿಸಿಕೊಂಡು ಸಾಲಾಗಿ ನಿಂತ ಗಾಡಿಗಳು, ಹೆಣದ ಉಂಗುರ ಬಿಚ್ಚಿಕೊಂಡ ಹಾಗೆ. ಸತ್ತ ತಂದೆಯ ಕಾರು ತಂದು ಚೀಟಿಗಾಗಿ ಗೇಟಿನಲ್ಲೇ ಕೈಕೈ ಮಿಲಾಯಿಸಿದ ಆ ಅಕ್ಕತಂಗಿಯರನ್ನು ನೋಡಿ ನೀನು ಮುಖ ತಿರುಗಿಸಿದ್ದೆ. ನಮ್ಮ ಸರದಿ ಬಂದಾಗ ನೀನು ಸ್ಟೇರಿಂಗ್ ನನ್ನ ಕೈಗೆ ಕೊಟ್ಟು ಹಿಂದೆ ಹೋದೆ. ನೀನೇ ಮೂರು ಸಲ ಕಾರನ್ನು ಮುಂದಕ್ಕೆ ತಳ್ಳಿದೆ, ಮೂರು ಸಲ ಹಿಂದಕ್ಕೆ ಎಳೆದೆ. ಕಾವಲಿನವನು, “ಏನ್ರಯ್ಯಾ ಮುದುಕ್ರಾ, ಗುಜರಿಗೂ ನಮಸ್ಕಾರ ಮಾಡಿಸ್ತೀರಾ?” ಎಂದು ನಕ್ಕ. ನೀನು ಏದುಸಿರು ಬಿಡುತ್ತ, “ಹೋದ ಸಲ ಮಾಡಿಸಿದ್ದು ಲೆಕ್ಕಕ್ಕಿಲ್ಲ” ಎಂದೆ.

ನೀನು ಊಟ ಮಾಡದೆಯೇ ಬಸ್ ಹತ್ತಿದೆ. ಆಮೇಲೆ ನಡೆದದ್ದನ್ನು ಬರೆಯುತ್ತೇನೆ.

ಮನೆಗೆ ಹೋದಾಗ ಓನ್ ಗೈಂಗ್ ಊಟಕ್ಕೆ ಕೂತಿದ್ದ. “ಏನಾಯ್ತು?” ಎಂದ. “ಕಾರು ಕೊಟ್ಟೆ. ಚೀಟಿ ಬಂತು” ಎಂದೆ. “ಅವನು ಎಷ್ಟು ಕಿತ್ಕೊಂಡ?” “ಬಸ್ ಚಾರ್ಜು.” ಅವನು, “ನಾನು ಹೇಳ್ಲಿಲ್ವಾ, ಎಲ್ಲಾ ಸರಿ ಹೋಗತ್ತೆ ಅಂತ. ಚೀಟಿ ಮಾರಿದ್ಮೇಲೆ ನನ್ನ ಕಣ್ಣಿನ ಆಪರೇಷನ್ನಿಗೆ ಒಂದಿಷ್ಟು ತೆಗೆದಿಡು” ಎಂದ. ಅಷ್ಟು ಸಲೀಸಾಗಿ.

ತಿನ್ ಸ್ವೇ ಬಾಣಲೆಯನ್ನೇ ತಂದು ನಡುವೆ ಇಟ್ಟಳು. ಹುರಿದ ಮೀನು. ಅವಳಿಗೆ ಎಲ್ಲವನ್ನೂ ಹೇಳಿದ್ದೆ. ಹಿಡಿಕೆಯನ್ನು ಬೇಕೆಂದೇ ಅವನ ಕಡೆಗೆ ತಿರುಗಿಸಿದಳು. ಅವನು ಅಭ್ಯಾಸದಂತೆ ತಟ್ಟೆಯನ್ನು ಮುಂದಕ್ಕೆ ಚಾಚಿದ. ಮೊದಲ ಚಮಚ ಹಿರಿಯರ ತಟ್ಟೆಗೆ. ನಾನು ಅನ್ನ ತಿನ್ನಲು ಕಲಿತಾಗಿನಿಂದ ಈ ಕ್ರಮ ತಪ್ಪಿಸಿದವನಲ್ಲ.

ಹಿರಿಯರು ಊರಲ್ಲಿಲ್ಲದಿದ್ದರೆ ಅವರ ಹೆಸರಿನಲ್ಲಿ ಬೇರೆ ತಟ್ಟೆಗೆ ಬಡಿಸಿ ಪಕ್ಕಕ್ಕಿಡುತ್ತೇವಲ್ಲ. ನಾನು ಒಂದು ತಟ್ಟೆ ತಂದು ಮೊದಲ ಚಮಚವನ್ನು ಅದಕ್ಕೆ ಹಾಕಿದೆ. ಅವನಿಗೆ ಕಾಣದಿದ್ದರೂ ಚಮಚ ತಾಗಿದ ಸದ್ದು ಕೇಳಿಸಿತು.

“ಯಾರಿಗೋ ಅದು?” ಎಂದ.

“ಥೌಂಗ್ ಪೆ ಅಣ್ಣನಿಗೆ.”

ಚಾಚಿದ ತಟ್ಟೆ ಹಾಗೇ ಇತ್ತು. ಇನ್ನೊಂದು ಕೈ ಬಾಣಲೆಯ ಹಿಡಿಕೆಯ ಮೇಲೆ ಹೋಯಿತು. ಬೆರಳು ಬುಡದವರೆಗೆ ಸರಿದು ಅಲ್ಲಿ ನಿಂತಿತು. ಅವನಿಗೆ ತಿಳಿಯಿತು, ಅಣ್ಣ. ನಾನು ಕಾದೆ. ಬಯ್ಯಲಿ, ಅಳಲಿ, ಸುಳ್ಳಾದರೂ ಹೇಳಲಿ, ತಟ್ಟೆ ಬಿಟ್ಟು ಎದ್ದಾದರೂ ಹೋಗಲಿ ಎಂದು ಕಾದೆ.

“ಬಾಲದ ತುಂಡು ನಂಗೆ ಹಾಕು” ಎಂದ.

ತಿನ್ ಸ್ವೇ ಹಾಕಿದಳು. ಉಂಡ. ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡ. ಬಾಣಲೆಯ ತಳದಲ್ಲಿದ್ದ ಎಣ್ಣೆಯನ್ನು ಬೆರಳಲ್ಲಿ ಬಳಿದು ನೆಕ್ಕಿದ.

ನಿನ್ನ ತಮ್ಮ,
ಸಾನ್ ಲ್ವಿನ್